ಯಾರು ನೋಯಿಸಿದರು

ಹಲಗೆಯ ಮೇಲೆ ತಾನೇ ಬರೆದ ಮಾತನ್ನು ನಾಗಣ್ಣ ಮಾಸ್ತರ ಇನ್ನೊಮ್ಮೆ ಓದಿಕೊಂಡ. ಹರ್ಟ್. ಅದು ಅವನು ಆರಿಸಿದ ಮಾತಲ್ಲ. ಇಂದಿನ ಪಾಠದಲ್ಲಿ ಒಬ್ಬ ಹುಡುಗ ಮರದಿಂದ ಬೀಳುತ್ತಾನೆ, ಅವನ ಕಾಲಿಗೆ ಹರ್ಟ್ ಆಗುತ್ತದೆ, ಅಷ್ಟೇ. ಆದರೂ ಬರೆಯುವಾಗ ಸೀಮೆಸುಣ್ಣ ಮುರಿದು ಕಾಲ ಬಳಿ ಬಿತ್ತು, ಹಿಂದಿನ ಸಾಲಿನಲ್ಲಿ ಯಾರೋ ಸಣ್ಣಗೆ ನಕ್ಕರು. ಸೀಮೆಸುಣ್ಣ ಮುರಿದದ್ದಕ್ಕೆ ಮೊನ್ನೆಯ ತನಕ ಯಾರೂ ನಕ್ಕಿರಲಿಲ್ಲ. ಅವನು ತಿರುಗಿದಾಗ ಎಲ್ಲ ಮುಖಗಳೂ ಪುಸ್ತಕದೊಳಗೆ ಇದ್ದವು, ಇರಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಒಳಗೆ. ಸರ್ದಾರ ಎಂಬ ಹುಡುಗನೊಬ್ಬನೇ ತಲೆ ಎತ್ತಿದ್ದ. ಅವರ ಮನೆ ನಾಗಣ್ಣನ ಮನೆಗೆ ಬೆನ್ನು ಹಚ್ಚಿಕೊಂಡಿತ್ತು. ನಡುವೆ ಒಂದೇ ಮಣ್ಣಿನ ಗೋಡೆ. ಈ ಕಡೆ ಕೆಮ್ಮಿದರೆ ಆ ಕಡೆ ಕೇಳುತ್ತಿತ್ತು.

"ಮಾಸ್ತರ್ರಿ, ಹರ್ಟ್ ಅಂದ್ರ ಹೊಡಿಯೋದೋ, ನೋವಾಗೋದೋ?" ಎಂದು ಸರ್ದಾರ ಕೇಳಿದ.

"ಎರಡೂ."

"ಎರಡೂ ಹ್ಯಾಂಗ ಆಗ್ತದ್ರಿ? ಹೊಡಿಯಾಂವ ಒಬ್ಬ, ನೋವಾಗೋದು ಮತ್ತೊಬ್ಬರಿಗಿ."

"ಮನಸ್ಸಿಗಿ ನೋವಾದ್ರೂ ಅದೇ ಮಾತು. ಆ ಭಾಷಾ ಹಂಗೇ ಅದ. ಕೂಡು," ಎಂದ ನಾಗಣ್ಣ. ತನ್ನ ದನಿ ಬೇಕಾದದ್ದಕ್ಕಿಂತ ಗಟ್ಟಿಯಾಯಿತೆಂದು ಅವನಿಗೇ ತಿಳಿಯಿತು. ಹುಡುಗ ಕೂತ. ಕೇಳಬೇಕೆಂದು ಕೇಳಿದನೋ, ಮನೆಯಲ್ಲಿ ಯಾರಾದರೂ ಕೇಳಿಸಿದರೋ? ಅವನ ತಂದೆ ನಿನ್ನೆ ಸಂತೆಯಲ್ಲಿ ಎದುರಾದಾಗ ಮೊದಲಿಗಿಂತ ಬಗ್ಗಿ ಸಲಾಮು ಮಾಡಿದ್ದು ಯಾಕೆ? ಹಾಗೆ ನೋಡಿದರೆ ಅಳಂದದ ಓಣಿಗಳೆಲ್ಲ ಮೊನ್ನೆಯಿಂದ ಅವನನ್ನು ಕಂಡು ಮಾತು ಕಡಿಮೆ ಮಾಡಿದ್ದವು. ಅಥವಾ ಮೊದಲೂ ಇಷ್ಟೇ ಮಾತಾಡುತ್ತಿದ್ದವೋ ಏನೋ, ಅವನು ಲೆಕ್ಕ ಇಟ್ಟಿರಲಿಲ್ಲ.

ಅಷ್ಟರಲ್ಲಿ ಹೆಡ್‌ಮಾಸ್ತರ ಅಬ್ದುಲ್ ಗನಿ ಸಾಹೇಬರು ಬಾಗಿಲಲ್ಲಿ ನಿಂತರು. ಮಿಶನ್ನಿನ ಡಾಕ್ಟರಬಾಯಿ ಸೊಲ್ಲಾಪುರದಿಂದ ಮೋಟಾರಿನಲ್ಲಿ ಬಂದು ದಾರಿಗರು ತಂಗುವ ಮುಸಾಫಿರಖಾನೆಯಲ್ಲಿ ರೋಗಿಗಳನ್ನು ನೋಡುತ್ತಿದ್ದಾಳೆ, ವಿಲಾಯತಿನಿಂದ ಹೊಸದಾಗಿ ಬಂದವಳು, ಜತೆಗೆ ಬರಬೇಕಾದ ದುಭಾಷಿಗೆ ಜ್ವರ. ಊರಲ್ಲಿ ಇಂಗ್ಲೀಷು ಆಡಬಲ್ಲವರು ಎಷ್ಟು ಜನ? "ಜರಾ ಹೋಗಿ ಬರ್ರಿ ಮಾಸ್ತರ. ನಿಮ್ಮ ಕ್ಲಾಸು ನಾ ನೋಡ್ಕೋತೇನಿ," ಎಂದರು. ನಾಗಣ್ಣ ರುಮಾಲು ಸರಿಮಾಡಿಕೊಂಡು ಹೊರಟಾಗ ಅವರು ದನಿ ತಗ್ಗಿಸಿದರು. "ಮನ್ಯಾಗ ಎಲ್ಲಾ ಖೈರಿಯತ್ ಅದ ಅಲ್ರಿ?"

"ಅದ್ರಿ. ಯಾಕ್ರಿ?"

"ಏನಿಲ್ಲ. ಹಿಂಗೇ ಕೇಳಿದೆ."

ಹಿಂಗೇ ಯಾರೂ ಏನನ್ನೂ ಕೇಳುವುದಿಲ್ಲ. ಮುಸಾಫಿರಖಾನೆಯ ದಾರಿಯುದ್ದಕ್ಕೂ ಆ ಮಾತನ್ನು ಅವನು ತಿರುವಿ ತಿರುವಿ ನೋಡಿದ. ಹೆಂಡತಿ ಬಾಣಂತನಕ್ಕೆಂದು ಅಫಜಲಪುರದ ತವರಿಗೆ ಹೋಗಿದ್ದಾಳೆ, ಅವಳ ವಿಷಯ ಕೇಳಿರಬಹುದು. ಹಾಗಿದ್ದರೆ ಬಾಣಂತನದ ಮಾತೆತ್ತಿಯೇ ಕೇಳುತ್ತಿದ್ದರು. ಬಿಸಿಲು ಮಣ್ಣಿನ ಗೋಡೆಗಳ ಮೇಲಿಂದ ಕಣ್ಣಿಗೆ ಹೊಡೆಯುತ್ತಿತ್ತು. ಗೋಡೆಗಳಲ್ಲಿ ಕಿಟಕಿಗಳು, ಕೆಲವು ತೆರೆದವು, ಕೆಲವು ಮುಚ್ಚಿದವು. ಮೊನ್ನೆ ಅವನೂ ಒಂದು ಕಿಟಕಿ ಮುಚ್ಚಿದ್ದ. ಯಡ್ರಾಮಿಯಿಂದ ಗಾಡಿ ಬಂದಿತ್ತು, ತಂಗಿ ಗುರುಬಾಯಿಯನ್ನು ಗಂಡನ ಮನೆಗೆ ಕರೆದೊಯ್ಯಲು. ಗಂಡ ಇನ್ನೊಬ್ಬಳನ್ನು ತಂದು ಇಟ್ಟುಕೊಂಡಿದ್ದ; ಗುರುಬಾಯಿ ಅಲ್ಲಿ ದನದ ಕೊಟ್ಟಿಗೆಯಲ್ಲಿ ಮಲಗುತ್ತಿದ್ದಳು. ಹಿಂದಿನ ದಿನ ಸಂಜೆ ಅವಳು ಬೀಸುಕಲ್ಲಿನ ಮುಂದೆ ಕೂತು, ಕೈ ನಿಲ್ಲಿಸದೆ, "ನಾ ಹೋಗಂಗಿಲ್ಲ ಸಣ್ಣಣ್ಣ. ನೀ ಒಂದ್ ಮಾತು ಹೇಳು. ದೊಡ್ಡಣ್ಣ ನಿನ್ ಮಾತು ಕೇಳ್ತಾನ," ಎಂದಿದ್ದಳು. "ಹೇಳ್ತೇನಿ," ಎಂದಿದ್ದ ಅವನು, ಮತ್ತು ಹಾಗೆನ್ನುವಾಗ ಹೇಳುವವನೇ ಇದ್ದ. ಮರುದಿನ ಪಡಸಾಲೆಯಲ್ಲಿ, ಗಾಡಿಯವನ ಎದುರಿಗೆ, ದೊಡ್ಡಣ್ಣ ದೌಲತರಾಯ ಪಕ್ಕದ ಜಾಗ ತಟ್ಟಿ ಅವನನ್ನು ಕರೆದ. "ನಾಗಣ್ಣ, ನೀ ಕಲತಾಂವ. ನೀ ಏನಂತಿ? ಕಳಸೂದೋ, ಬ್ಯಾಡೋ?" ಕಂಬ ಹಿಡಿದು ನಿಂತ ಗುರುಬಾಯಿ ಅವನ ಬಾಯಿಯನ್ನೇ ನೋಡುತ್ತಿದ್ದಳು. "ನಿಮ್ಮ ವಿಚಾರ ಹ್ಯಾಂಗೋ ಹಂಗ, ಅಣ್ಣ," ಎಂದ ಅವನು. ಎಷ್ಟು ಸರಾಗವಾಗಿ ಬಂತು ಆ ಮಾತು, ಬಾಯಿಪಾಠ ಮಾಡಿದವನಂತೆ. ಆಮೇಲೆ ಅವಳು ಕಂಬ ಬಿಡಲಿಲ್ಲ, ದೌಲತರಾಯ ಗಾಡಿಯವನನ್ನು ಹೊರಗೆ ಕಳಿಸಿ ಬಾರುಕೋಲು ತೆಗೆದುಕೊಂಡ, ನಾಗಣ್ಣ ಎದ್ದು ಹೋಗಿ ಓಣಿಯ ಕಡೆಯ ಕಿಟಕಿ ಮುಚ್ಚಿದ. ಅಗುಳಿ ಬಿಗಿಯಾಗಿತ್ತು, ಎರಡು ಸಲ ತಳ್ಳಬೇಕಾಯಿತು. ಮನೆತನದ ಮರ್ಯಾದೆ ಎಂದುಕೊಂಡ. ಗಾಡಿ ಖಾಲಿ ಹೋಯಿತು, ಏಕೆಂದರೆ ಮುರಿದ ಕೈಯವಳನ್ನು ಕರೆದೊಯ್ಯಲು ಗಾಡಿಯವನು ಒಪ್ಪಲಿಲ್ಲ. ಮಾಳಿಗೆಯ ನಿಚ್ಚಣಿಕೆಯಿಂದ ಬಿದ್ದಳೆಂದು ಓಣಿಗೆ ಹೇಳಲಾಯಿತು.

ಮುಸಾಫಿರಖಾನೆಯ ಕಟ್ಟೆಯ ಮೇಲೆ ಜನ ಸಾಲಾಗಿ ಕೂತಿದ್ದರು. ಬಿಳಿಯ ಅಂಗಿಯ, ಬಿಸಿಲಿಗೆ ಮೂಗು ಕೆಂಪಾದ ಡಾಕ್ಟರಬಾಯಿ ಅವನ ಕೈ ಕುಲುಕಿದಳು. ನಾಗಣ್ಣನಿಗೆ ಮೊದಮೊದಲು ಹಿಗ್ಗೇ ಆಯಿತು. ಜ್ವರದ ಕೂಸು, ಕಣ್ಣು ಬಂದ ಮುದುಕ, ಕಿವಿ ಸೋರುವ ಹುಡುಗಿ. ಅವನ ಇಂಗ್ಲೀಷು ಮೊದಲ ಸಲ ಶಾಲೆಯ ಹೊರಗೆ ಕೆಲಸಕ್ಕೆ ಬರುತ್ತಿತ್ತು. ಎಲ್ಲಿ ಹರ್ಟ್ ಆಗುತ್ತದೆ, ಡಾಕ್ಟರಬಾಯಿ ಕೇಳುವಳು. ಎಲ್ಲಿ ನೋಯ್ತದ, ಅವನು ಕೇಳುವನು. ಎಷ್ಟು ಸುಲಭ. ಜನ ಅವನ ಬಾಯಿಯನ್ನೇ ನೋಡುತ್ತಿದ್ದರು. ಪರದೆ ಸರಿಸಿ ಮುಂದಿನವರು ಒಳಗೆ ಬಂದಾಗ ಅವನು ತಲೆ ಎತ್ತದೆ, "ಎಲ್ಲಿ ನೋಯ್ತದವ್ವ?" ಎಂದ. ತಲೆ ಎತ್ತಿದರೆ ಅತ್ತಿಗೆ ಸುಮಿತ್ರಾಬಾಯಿ, ಅವಳ ಹಿಂದೆ ಹಳೆಯ ಸೀರೆಯ ತುಂಡಿನಲ್ಲಿ ಕೈ ಕಟ್ಟಿಕೊಂಡ ಗುರುಬಾಯಿ.

ದೌಲತರಾಯ ತನ್ನ ಕಾಳಿನ ಅಡತಿ ಅಂಗಡಿಗೆ ಹೋದ ಹೊತ್ತು ನೋಡಿ ಅತ್ತಿಗೆ ಅವಳನ್ನು ಕರೆತಂದಿದ್ದಾಳೆ, ಅದು ತಿಳಿಯಿತು. ಆದರೆ ಇಲ್ಲಿ ನಾನಿರುತ್ತೇನೆಂದು ಇವರಿಗೆ ಗೊತ್ತಿತ್ತೇ? ಗನಿ ಸಾಹೇಬರು ಕೇಳಿದ್ದು ಇದಕ್ಕೇ ಇರಬಹುದೇ? ಎಲ್ಲರೂ ಸೇರಿ ನನ್ನನ್ನು ಇಲ್ಲಿಗೆ ತಂದು ನಿಲ್ಲಿಸಿದರೇ? ಡಾಕ್ಟರಬಾಯಿ ಆಗಲೇ ಕಟ್ಟು ಬಿಚ್ಚುತ್ತಿದ್ದಳು. ಮೊಣಕೈಯ ಕೆಳಗೆ ಕೈ ನೀಲಿಯಾಗಿ ಬಾತು, ಇನ್ಯಾರದೋ ಕೈಯ ಹಾಗೆ ಕಾಣುತ್ತಿತ್ತು. ಈಕೆಗೆ ಹೇಗೆ ಹರ್ಟ್ ಆಯಿತು ಎಂದು ಕೇಳಿದಳು.

"ಹ್ಯಾಂಗ ಪೆಟ್ಟಾತು ಅಂತ ಕೇಳಾಕತ್ತಾರ," ಎಂದ ನಾಗಣ್ಣ ನೆಲ ನೋಡುತ್ತ.

"ನಿಚ್ಚಣಿಕಿಂದ ಬಿದ್ದಾಳ ಅಂತ ಹೇಳ್ರಿ," ಎಂದಳು ಸುಮಿತ್ರಾಬಾಯಿ ಒಂದೇ ಉಸಿರಿಗೆ.

ಅವನು ಹಾಗೇ ಹೇಳಿದ. ಡಾಕ್ಟರಬಾಯಿ ಹೂಂ ಎಂದು ಗುರುಬಾಯಿಯ ಬೆನ್ನಿನ ಸೆರಗು ಸರಿಸಿದಳು. ನಾಗಣ್ಣ ಬೇಗ ಮುಖ ತಿರುಗಿಸಿದ, ಆದರೂ ಕಂಡಿತು. ಬರೆಗಳು ಒಂದರ ಪಕ್ಕ ಒಂದು, ಹೊಲದ ಸಾಲಿನಂತೆ. ಡಾಕ್ಟರಬಾಯಿ ಅವನ ಕಡೆ ತಿರುಗಿದಾಗ ಮುಖ ಬೇರೆಯಾಗಿತ್ತು. ನಿಚ್ಚಣಿಕೆ ಹೀಗೆ ಹೊಡೆಯುವುದಿಲ್ಲ, ಈ ಹೆಂಗಸನ್ನಲ್ಲ, ಆಕೆಯನ್ನೇ ಕೇಳಿ, ಎಂದಳು. ಆಮೇಲೆ ಪ್ರತಿ ಮಾತನ್ನೂ ಬಿಡಿಸಿ, ಸಣ್ಣ ತರಗತಿಯ ಹುಡುಗನಿಗೆ ಹೇಳುವಂತೆ, "ಹೂ ಹರ್ಟ್ ಹರ್?"

ಯಾರು ಹೊಡದರು ಎಂದು ಕೇಳಬೇಕಿತ್ತು. ಪರದೆಯ ಆಚೆ ಊರು ಕೂತಿತ್ತು, ಗಟ್ಟಿಯಾಗಿ ಉಸಿರಾಡಿದರೂ ಕೇಳುವಷ್ಟು ಹತ್ತಿರ. ಯಾರು ಹೊಡದರು ಎಂದರೆ ಅವಳು ದೊಡ್ಡಣ್ಣ ಎನ್ನುತ್ತಾಳೆ, ಆ ಹೆಸರನ್ನು ನನ್ನ ಬಾಯಿಂದಲೇ ಇಂಗ್ಲೀಷಿಗೆ ದಾಟಿಸಬೇಕಾಗುತ್ತದೆ, ಸಂಜೆ ಅದೇ ಬಾಯಿ ಹೊತ್ತುಕೊಂಡು ಮನೆಗೆ ಹೋಗಬೇಕು. ಅವನ ಮನಸ್ಸು ಬೆಂಕಿ ಕಂಡ ಇಲಿಯ ಹಾಗೆ ಮೂಲೆಮೂಲೆಗೆ ಓಡಿತು, ಒಂದು ಸಂದು ಸಿಕ್ಕಿತು. ಆ ಮಾತಿಗೆ ಇನ್ನೊಂದು ಅರ್ಥವೂ ಉಂಟಲ್ಲ, ಅದು ಸುಳ್ಳೇನೂ ಅಲ್ಲ. ಅದಕ್ಕೆ ಅವಳು ಗಂಡನ ಹೆಸರು ಹೇಳಬಹುದು, ದೇವರ ಹೆಸರು ಹೇಳಬಹುದು, ಸುಮ್ಮನೆ ಅಳಬಹುದು.

"ಗುರವ್ವ, ನಿನಗ ಯಾರು ನೋಯ್ಸಿದ್ರು ಅಂತ ಕೇಳಾಕತ್ತಾರ," ಎಂದ.

ಗುರುಬಾಯಿ ಅವನನ್ನು ನೋಡಿದಳು. ಮೊನ್ನೆಯಿಂದ ಅವಳು ಅವನ ಕಡೆ ನೋಡಿದ್ದು ಅದೇ ಮೊದಲು. ಒಳ್ಳೆಯ ಕೈಯನ್ನು ಎತ್ತಿ, ಅವಸರವಿಲ್ಲದೆ, ಬೆರಳು ತೋರಿಸಿದಳು.

"ನೀ," ಎಂದಳು. "ನೀ ನೋಯ್ಸಿದಿ, ಸಣ್ಣಣ್ಣ. ಅವ ಅಂತೂ ಮೊದಲಿಂದ ಹಂಗೇ ಅದಾನ."

ಸುಮಿತ್ರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಡಾಕ್ಟರಬಾಯಿಗೆ ಮಾತು ತಿಳಿಯದಿದ್ದರೂ ಬೆರಳು ಕಂಡಿತ್ತು. ಆಕೆ ನಿನ್ನನ್ನು ತೋರಿಸಿದಳು, ಏನಂದಳು, ಎಂದು ಕೇಳಿದಳು. ನಾಗಣ್ಣ ಎಷ್ಟೋ ಸುಳ್ಳು ಹೇಳಬಹುದಿತ್ತು, ಆದರೆ ಆ ಗಳಿಗೆಯಲ್ಲಿ ನಾಲಿಗೆ ವ್ಯಾಕರಣವನ್ನಷ್ಟೇ ಬಲ್ಲದ್ದಾಗಿತ್ತು. ಶಿ ಸೇಸ್ ಐ ಹರ್ಟ್ ಹರ್, ಎಂದ. ಹೇಳಿದ ಮೇಲೆ ಆ ಮಾತು ಏನಾಯಿತೆಂದು ಹೊಳೆಯಿತು. ಕೈಯಿಂದಲ್ಲ, ನಾಟ್ ವಿತ್ ದ ಹ್ಯಾಂಡ್, ಎಂದು ತಡವರಿಸಿದ.

ಕೋಲಿನಿಂದ, ನನಗೆ ಕಾಣುತ್ತಿದೆ, ಎಂದಳು ಡಾಕ್ಟರಬಾಯಿ.

ಅವಳು ಮುಂದೆ ಹೇಳಿದ್ದು ಹೀಗಿತ್ತು: ಮೂಳೆ ಜಾಗ ಬಿಟ್ಟಿದೆ, ಹೀಗೇ ಬಿಟ್ಟರೆ ಅಡ್ಡ ಕೂಡಿಕೊಳ್ಳುತ್ತದೆ, ಇಲ್ಲಿ ಏನೂ ಮಾಡಲಾಗದು, ಇವಳನ್ನು ಈಗಲೇ ಮೋಟಾರಿನಲ್ಲಿ ಸೊಲ್ಲಾಪುರದ ದವಾಖಾನೆಗೆ ಕರೆದೊಯ್ಯುತ್ತೇನೆ, ಅಡ್ಡ ಬಂದರೆ ತಹಶೀಲಿಗೆ ಹೋಗುತ್ತೇನೆ. ಇವಳ ಮನೆಯ ಹಿರಿಯ ನೀನೇ ಏನು? ನಾಗಣ್ಣ ಬಾಯಿ ತೆರೆದ. ಹಿರಿಯ ನಾನಲ್ಲ, ನನ್ನ ಅಣ್ಣ, ಹೊಡೆದವನೂ ಅವನೇ. ಅಷ್ಟು ಹೇಳಿದರೆ ತನ್ನ ಮೈಮೇಲಿನ ಅಪವಾದ ಉದುರಿಹೋಗುತ್ತಿತ್ತು. ಆಮೇಲೆ ಅಂಗಡಿಗೆ ಆಳು ಓಡುತ್ತಾನೆ, ದೌಲತರಾಯ ಬರುತ್ತಾನೆ, ಮೋಟಾರು ಖಾಲಿ ಹೋಗುತ್ತದೆ. ಇದನ್ನೆಲ್ಲ ತಂಗಿಯ ಸಲುವಾಗಿ ಎಣಿಸುತ್ತಿದ್ದೇನೆಯೇ, ಅಣ್ಣನ ಹೆಸರು ಎತ್ತಲು ಅಂಜಿ ಎಣಿಸುತ್ತಿದ್ದೇನೆಯೇ ಎಂದು ಅವನು ತನ್ನನ್ನೇ ಕೇಳಿಕೊಂಡ. ಯಾವುದಕ್ಕಾಗಿ ಎಣಿಸಿದರೂ ಹೇಳಬೇಕಾದ ಉತ್ತರ ಒಂದೇ ಆಗುತ್ತಿತ್ತು, ಸಂಶಯ ಬಂದದ್ದೇ ಅದಕ್ಕೆ. ಯೆಸ್, ಎಂದ.

"ಸೊಲ್ಲಾಪುರಕ್ಕ ಕರಕೊಂಡ್ ಹೋಗ್ತಾರಂತ. ಹೋಗ್ತಿ?"

"ಹೋಗ್ತೇನಿ," ಎಂದಳು ಗುರುಬಾಯಿ ಗೋಡೆಗೆ.

ಮನೆಗೆ ಬರುವಾಗ ಅವನು ಮುಂದೆ, ಸುಮಿತ್ರಾಬಾಯಿ ಹಿಂದೆ. ಅಗಸಿಯ ಹತ್ತಿರ ತಡೆಯಲಾರದೆ ತಿರುಗಿ ನಿಂತ. "ವೈನಿ, ಅಲ್ಲಿ ನಾ ಬರ್ತೇನಿ ಅಂತ ನಿಮಗ ಗೊತ್ತಿತ್ತೇನು?"

"ಗೊತ್ತಿದ್ರ ಅಕಿನ್ನ ಕರಕೊಂಡೇ ಬರ್ತಿದ್ದಿಲ್ಲ," ಎಂದಳು ಅವಳು.

ಸಂಜೆ ಸುದ್ದಿ ತಿಳಿದು ದೌಲತರಾಯ ಮೊದಲು ಹೆಂಡತಿಯ ಮೇಲೆ ಹರಿಹಾಯ್ದ. ತಹಶೀಲಿನ ಮಾತು ಬಂದಾಗ ಅವನ ಮುಖದ ಬಣ್ಣ ಇಳಿಯಿತು. "ಯಾರ ಹೆಸರು ಹೇಳ್ಯಾರ?" ಎಂದು ಕೇಳಿದ. "ನನ್ನ ಹೆಸರು," ಎಂದ ನಾಗಣ್ಣ. "ನೀ ಹೇಳಿದ್ಯಾ?" "ಅಕಿನೇ ಹೇಳಿದಳು." ದೌಲತರಾಯ ತಮ್ಮನ ಮುಖದಲ್ಲಿ ಏನನ್ನೋ ಹುಡುಕಿದ, ಸಿಕ್ಕಲಿಲ್ಲವೇನೋ. "ನಾಗಣ್ಣಗ ಊಟಕ್ಕ ನೀಡ್ರಿ," ಎಂದು ಒಳಗೆ ಕೂಗಿದ. ಅಂದಿನಿಂದ ಅವನ ನಡೆ ಬದಲಾಯಿತು. ಅಂಗಡಿಯಿಂದ ಬರುವಾಗ ತಮ್ಮನಿಗೆಂದು ಎಲೆ ಅಡಿಕೆ ತರುವನು, ಮಾತಿಗೆ ಹತ್ತಿರ ಕೂಡಿಸಿಕೊಳ್ಳುವನು. ಯಡ್ರಾಮಿಯಿಂದ ಗುರುಬಾಯಿಯ ಗಂಡನ ಕಾಕಾ ಹುಲೆಪ್ಪ ಬಂದು ವಿಚಾರಿಸಿದಾಗ, "ನಮ್ಮ ನಾಗಣ್ಣ ಕಲತಾಂವ ಖರೇ, ಸಿಟ್ಟು ಬಾಳ್ರಿ. ನಾ ನಡುವ ಹೋಗೂದ್ರೊಳಗ ಕೈ ಮುರದಿತ್ತು," ಎಂದ. ನಾಗಣ್ಣ ಬಿಟ್ಟ ಕಣ್ಣು ಮುಚ್ಚದೆ ಅಣ್ಣನ ಮುಖ ನೋಡಿದ, ಸುಳ್ಳಿನ ಒಂದು ಗುರುತಿಗಾಗಿ; ರೆಪ್ಪೆಯ ಒಂದು ಮಿಟುಕು ಸಾಕಿತ್ತು. ಇರಲಿಲ್ಲ. ಅಣ್ಣ ಅದನ್ನು ನಂಬತೊಡಗಿದ್ದ. ಹುಲೆಪ್ಪನ ಕಣ್ಣಲ್ಲಿ ನಾಗಣ್ಣ ಎಂದೂ ಕಾಣದ ಒಂದು ಮರ್ಯಾದೆ ಬಂದಿತ್ತು. ಶಾಲೆಯಲ್ಲೂ ಹಾಗೇ. ಅವನು ಒಳಗೆ ಬಂದರೆ ತರಗತಿ ತಟ್ಟನೆ ಸುಮ್ಮನಾಗುತ್ತಿತ್ತು. ಸರ್ದಾರ ಈಗ ಏನೂ ಕೇಳುತ್ತಿರಲಿಲ್ಲ, ಬೈದರೆ ತಲೆ ತಗ್ಗಿಸುತ್ತಿದ್ದ. ಒಂದು ದಿನ ಹಾಗೆ ತಗ್ಗಿದ ತಲೆಯನ್ನು ನೋಡುತ್ತ ನಿಂತಾಗ ನಾಗಣ್ಣನ ಬಾಯಿಗೆ ಬೆಲ್ಲ ಇಟ್ಟಂತಾಯಿತು. ಅದು ಯಾಕೆ ಸಿಹಿ ಎಂದು ತಿಳಿದ ಮೇಲೆ ಹೊರಗೆ ಹೋಗಿ ಹುಣಸೆಮರದ ಕೆಳಗೆ ಉಗುಳಿದ. ಉಗುಳಲು ಏನೂ ಇರಲಿಲ್ಲ.

ಹುಲೆಪ್ಪ ಮತ್ತೆ ಬಂದ. ಗಂಡನ ಮನೆಯವರು ಇನ್ನು ಕಾಯುವುದಿಲ್ಲ, ಕೈ ಕೂಡಿದ್ದರೆ ಕರೆತನ್ನಿ, ಎಂದ. ದೌಲತರಾಯ ತಮ್ಮನ ಹೆಗಲ ಮೇಲೆ ಕೈ ಇಟ್ಟ. "ನೀನೇ ಹೋಗಿ ಕರಕೊಂಡ್ ಬಾ ನಾಗಣ್ಣ. ಅಕಿ ಸಿಟ್ಟು ಇರೋದು ನಿನ್ ಮ್ಯಾಲೆ. ತಪ್ಪಾತು ಅನ್ನು. ತಂಗಿ ಮುಂದ ಅಂದ್ರ ಏನೂ ಸಣ್ಣಾಂವ ಆಗಂಗಿಲ್ಲ." ಆ ಕೈ ಬೆಚ್ಚಗಿತ್ತು. ಅಣ್ಣ ಹೀಗೆ ಹೆಗಲ ಮೇಲೆ ಕೈ ಇಟ್ಟದ್ದು ಎಂದಾದರೂ ಇತ್ತೇ ಎಂದು ನಾಗಣ್ಣ ನೆನೆಯಲು ನೋಡಿದ. ಸುಮಿತ್ರಾಬಾಯಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿ ಕೈಗೆ ಕೊಟ್ಟಳು. ಕೊಡುವಾಗ ಅವನ ಮುಖ ನೋಡಲಿಲ್ಲ.

ಖಜೂರಿಯ ಗಡಿ ನಾಕಾ ದಾಟಿ ಬಸ್ಸು ಇಂಗ್ರೇಜಿ ಸೀಮೆಗೆ ಇಳಿದಾಗಲೂ ಅವನು ಮಾತುಗಳನ್ನು ಜೋಡಿಸುತ್ತಲೇ ಇದ್ದ. ದವಾಖಾನೆಯ ಗೇಟಿನಲ್ಲಿ ಹೆಸರು, ಊರು ಹೇಳುತ್ತಲೇ ಕಾವಲಿನವನು ಗೇಟನ್ನು ಅರ್ಧಕ್ಕೆ ನಿಲ್ಲಿಸಿ ಒಳಗೆ ಹೋದ. ಹೀರಾಬಾಯಿ ಎಂಬ ನರ್ಸು ಬಂದಳು, ಸೊಲ್ಲಾಪುರದ ಕನ್ನಡದವಳು, ಸೊಂಟಕ್ಕೆ ಕೈ ಇಟ್ಟು ನಿಂತಳು.

"ಹೊಡದಾಂವ ಬಂದ್ರ ಒಳಗ ಬಿಡಬ್ಯಾಡ್ರಿ ಅಂತ ಡಾಕ್ಟರಬಾಯಿ ಹೇಳ್ಯಾರ. ನೀವೇ ಏನ್ರಿ ಅವರು? ಅಳಂದದ ಮಾಸ್ತರ?"

ದಾರಿಯಲ್ಲಿ ಹೋಗುವವರು ನೋಡುತ್ತಿದ್ದರು. ಇಷ್ಟು ದಿನ ಯಾರಿಗೂ ಹೇಳದ ಮಾತು, ತನಗೇ ಆಶ್ಚರ್ಯವಾಗುವಂತೆ, ಕನ್ನಡದಲ್ಲಿ ತಾನಾಗಿ ಹೊರಬಿತ್ತು. "ಹೊಡದಾಂವ ನಾ ಅಲ್ರಿ. ಬೇಕಾದ್ರ ಅಕಿನ್ನೇ ಕೇಳ್ರಿ."

ಹೀರಾಬಾಯಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಒಳಗೆ ಹೋಗಿ ಗುರುಬಾಯಿಯನ್ನು ಕರೆತಂದಳು. ಕೈಗೆ ಬಿಳಿಯ ಗಟ್ಟಿ ಕಟ್ಟು, ತಲೆ ಬಾಚಿದೆ, ದವಾಖಾನೆಯ ಬಿಳಿ ಸೀರೆ. ಮುಖ ಸ್ವಲ್ಪ ತುಂಬಿತ್ತು. ವರಾಂಡದ ಮೆಟ್ಟಿಲಲ್ಲೇ ನಿಂತಳು. ಗೇಟಿಗೂ ಅವಳಿಗೂ ನಡುವೆ ಒಂದು ಬೇವಿನ ಗಿಡದ ನೆರಳು.

"ಯಾಕ ಬಂದಿ, ಸಣ್ಣಣ್ಣ?"

"ನಿನ್ನ ನೋಡಾಕ."

"ನೋಡಾಕ ಅಷ್ಟೇ?"

ಜೋಡಿಸಿಕೊಂಡು ಬಂದ ಮಾತುಗಳನ್ನು ಬಿಟ್ಟು ಇದ್ದದ್ದನ್ನೇ ಹೇಳಿದ. "ಕರಕೊಂಡ್ ಬಾ ಅಂದಾನ ದೊಡ್ಡಣ್ಣ. ಮನ್ಯಾಗ ಹುಲೆಪ್ಪ ಬಂದ್ ಕುಂತಾನ, ಗಾಡಿ ತಗೊಂಡು."

ಗುರುಬಾಯಿ ತಲೆ ಆಡಿಸಿದಳು, ಗೊತ್ತಿತ್ತು ಎನ್ನುವ ಹಾಗೆ. ಹೀರಾಬಾಯಿ ಇಬ್ಬರ ನಡುವೆ ನೋಡಿ ಕೇಳಿದಳು. ಅವಳು ಕೇಳಿದ್ದರಲ್ಲಿ ಯಾವ ಸಂದೂ ಇರಲಿಲ್ಲ. "ಸರಿಯಾಗಿ ನೋಡಿ ಹೇಳವ್ವ. ಆವತ್ತ ನಿನ್ನ ಕೋಲಿಲೆ ಹೊಡದಾಂವ ಇವನೇ ಏನು? ಅಲ್ಲ ಅಂದ್ರ ಒಳಗ ಬಿಡ್ತೇನಿ, ಕರಕೊಂಡ್ ಹೋಗ್ಲಿ."

"ಹೌದ್ರಿ, ಅಕ್ಕಾರ," ಎಂದಳು ಗುರುಬಾಯಿ. "ಇವನೇ ಹೊಡದಾಂವ."

ನಾಗಣ್ಣ ಅವಳ ಮುಖ ನೋಡಿದ, ಈ ದಿನಗಳಲ್ಲಿ ಎಲ್ಲರ ಮುಖ ನೋಡಿದ ಹಾಗೆಯೇ, ಕಪಟ ಹುಡುಕುತ್ತ. ಸಿಟ್ಟು ಇರಲಿಲ್ಲ, ಸೇಡು ಇರಲಿಲ್ಲ. ಅವಳು ಅವನ ಬಾಯಿಯನ್ನೇ ನೋಡುತ್ತಿದ್ದಳು. ತಾನು ಅಲ್ಲ ಎಂದರೆ ಮಾತು ಡಾಕ್ಟರಬಾಯಿಯ ತನಕ ಹೋಗುತ್ತದೆ, ವಿಚಾರಣೆಯಾಗುತ್ತದೆ, ದೌಲತರಾಯ ಬಂದು ನಿಲ್ಲುತ್ತಾನೆ, ಈ ಗೇಟು ತೆರೆಯುತ್ತದೆ. ಅದು ಅವಳಿಗೂ ಗೊತ್ತಿತ್ತು, ಅವನಿಗೂ.

"ಈಗ ಏನಂತೀರಿ?" ಎಂದಳು ಹೀರಾಬಾಯಿ ಅವನ ಕಡೆ ತಿರುಗಿ.

"ಹೌದ್ರಿ," ಎಂದ ನಾಗಣ್ಣ. "ನಾನೇ ಹೊಡದಾಂವ. ಮನಿಯವರು ಯಾರ ಬಂದ್ರೂ ಕಳಸಬ್ಯಾಡ್ರಿ ಇಕಿನ್ನ. ನಾನೇ ಹೇಳಿದ್ದು ಅಂತ ಡಾಕ್ಟರಬಾಯಿಗೆ ಹೇಳ್ರಿ."

ಹೀರಾಬಾಯಿಗೆ ಇದು ವಿಚಿತ್ರವೆನಿಸಿರಬೇಕು. ಏನೋ ಕೇಳಲು ಹೋಗಿ ಬಿಟ್ಟಳು. ಸಂದಿನಿಂದ ಕೈ ಚಾಚಿ ಗಂಟು ಇಸಿದುಕೊಂಡು ಗೇಟು ಹಾಕಿದಳು. ಗುರುಬಾಯಿ ಇನ್ನೂ ಮೆಟ್ಟಿಲ ಮೇಲೆ ನಿಂತಿದ್ದಳು.

"ಬಸ್ಸಿಗಿ ಇನ್ನಾ ಹೊತ್ತದ," ಎಂದಳು. "ಏನರ ಉಂಡು ಹೋಗು, ಸಣ್ಣಣ್ಣ. ಮಾರಿ ಬಾಡೇದ."

ಅವನು ಹೂಂ ಎಂದ. ರಸ್ತೆ ದಾಟಿ, ಎದುರಿನ ಖಾನಾವಳಿಗೆ ಹೋಗಿ ಗೋಡೆಯ ಕಡೆ ಬೆನ್ನು ಮಾಡಿ ಕೂತ. ಪಕ್ಕದ ಮಣೆಯವನು ಅವನನ್ನೇ ನೋಡುತ್ತಿದ್ದ, ನೋಡಲಿ ಎನಿಸಿತು. ತಾಟು ಬಂತು, ಬಿಸಿ ರೊಟ್ಟಿ, ಬೇಳೆ, ಒಂದು ಉಳ್ಳಾಗಡ್ಡಿ. ತಲೆ ತಗ್ಗಿಸಿ ಉಂಡ. ಬಡಿಸುವವನು ಬಂದು ಇನ್ನೊಂದು ಹಾಕಲೇ ಎಂದು ಕೇಳಿದಾಗ, ಹಾಕು ಎಂಬಂತೆ ತಾಟನ್ನು ಅವನ ಮುಂದೆ ಸರಿಸಿದ.